ಆಟಿ ಮಳೆಯಲ್ಲಿ ತೊಳೆದ ಸಿಗ್ನಲ್ ಲೈಟು

ನಮ್ಮ ಸುರತ್ಕಲ್ ಮನೆಯಲ್ಲಿ ಈಗ ನಾಲ್ಕು ಹಳೆ ಟ್ರಾಫಿಕ್ ಸಿಗ್ನಲ್ ಲೈಟು ಉಂಟು. ಎಲ್ಲವೂ ಎರಕದ ಅಲ್ಯೂಮಿನಿಯಂ ಡಬ್ಬಿಯವು, ಗಾಜಿನ ಲೆನ್ಸಿನವು. ಈಗಿನ ಪ್ಲಾಸ್ಟಿಕ್ ಡಬ್ಬಿಯ ಎಲ್‌ಇಡಿ ಸಿಗ್ನಲ್ಲನ್ನು ಸುಮ್ನೆ ಕೊಟ್ಟರೂ ನಾನು ತರುವುದಿಲ್ಲ. ಎರಡು ಮಳೆಗಾಲ ಕಳೆದರೂ ಒಂದರಲ್ಲೂ ಪೇಂಟ್ ಗುಳ್ಳೆ ಎದ್ದಿಲ್ಲ. ಸಮುದ್ರದಿಂದ ಒಂದು ಕಿಲೋಮೀಟರ್ ದೂರದಲ್ಲಿ ಕೂತು ಈ ಮಾತು ಹೇಳುವುದು ಸಣ್ಣ ವಿಷಯ ಅಲ್ಲ. ಇಲ್ಲಿ ಗೇಟಿನ ಚಿಲಕವೇ ಮೂರು ವರ್ಷ ಬಾಳುವುದಿಲ್ಲ.

ಮೊದಲನೆಯದನ್ನು ಬಂದರಿನ ಗುಜರಿಯಿಂದ ತೂಕಕ್ಕೆ ತಂದೆ. ಹನ್ನೊಂದೋ ಹನ್ನೆರಡೋ ಕಿಲೋ ಇತ್ತು, ಸಾವಿರದ ಎಂಟುನೂರು ಚಿಲ್ಲರೆ ಕೊಟ್ಟ ನೆನಪು. ರಶೀದಿ ಇಲ್ಲದೆ ಮಾತ್ರ ತೆಗೆದುಕೊಳ್ಳಬೇಡಿ. ಸರ್ಕಾರಿ ಸಾಮಾನು, ಎಲ್ಲಿಂದ ಬಂತು ಅಂತ ನಾಳೆ ಯಾರಾದರೂ ಕೇಳಿದರೆ ಕೈಯಲ್ಲಿ ಕಾಗದ ಇರಬೇಕು. ಬಣ್ಣ ಬಿಡಿಸಲು ಕಾಸ್ಟಿಕ್ ಸೋಡಾ ಹಾಕಿದೆ. ಕಬ್ಬಿಣದ ಗ್ರಿಲ್‌ಗೆ ಹಾಕಿ ಅಭ್ಯಾಸ, ಕೈ ಹಾಗೇ ಹೋಯಿತು. ನೀವು ನಗುತ್ತೀರಿ, ಗೊತ್ತು, ಕಾಸ್ಟಿಕ್ ಅಲ್ಯೂಮಿನಿಯಮ್ಮನ್ನೇ ತಿನ್ನುತ್ತದೆ. ಬಕೆಟ್ ಬುಸ್ ಅಂತ ನೊರೆ ಎತ್ತಿತು. ಊಟ ಮಾಡಿ ಬಂದು ನೋಡಿದರೆ ಡಬ್ಬಿಯ ಬಾಗಿಲಿನ ಅಂಚೆಲ್ಲ ಇಲಿ ಕಡಿದ ಹಾಗೆ. ಅದೇ ಗುಜರಿಗೆ ವಾಪಸ್ ಕೊಟ್ಟೆ, ಏಳುನೂರು ಸಿಕ್ಕಿತು.

ಎರಡನೆಯದಕ್ಕೆ ಪೇಂಟ್ ರಿಮೂವರ್ ಹಚ್ಚಿ, ಕೈಯಲ್ಲೇ ಉಜ್ಜಿ, ಪೌಡರ್ ಕೋಟಿಂಗಿಗೆ (ಪುಡಿ ಬಣ್ಣ ಹಾಕಿ ಓವನ್ನಿನಲ್ಲಿ ಕಾಯಿಸುವುದು) ಕೊಟ್ಟೆ. ಅಂಗಡಿಯ ಹೆಸರು ಬೇಡ. ಓವನ್ನಿನಿಂದ ಹೊರಗೆ ಬರುವಾಗಲೇ ಮೈಮೇಲೆ ಸೂಜಿ ಚುಚ್ಚಿದ ಹಾಗೆ ತೂತುಗಳು. ಹಳೆ ಎರಕದೊಳಗೆ ಸಿಕ್ಕಿಕೊಂಡ ಗಾಳಿ ಬಿಸಿಗೆ ಹೊರಗೆ ಬರುತ್ತದೆ, ಅದಕ್ಕೆ ಮೊದಲೇ ಒಮ್ಮೆ ಪುಡಿ ಹಾಕದೆ ಖಾಲಿ ಕಾಯಿಸಬೇಕಿತ್ತು. ಅವರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಸಾವಿರದ ಇನ್ನೂರು ಹೋಯಿತು. ಮಳೆಗಾಲ ಮುಗಿಯುವಷ್ಟರಲ್ಲಿ ಪ್ರತಿ ತೂತಿನ ಸುತ್ತ ಗುಳ್ಳೆ, ಉಗುರಿನಿಂದ ಕೆರೆದರೆ ಒಳಗೆ ಬಿಳಿ ಹುಡಿ. ಕಿತ್ತು, ಉಜ್ಜಿ, ಲೋಹಕ್ಕೆ ಕಚ್ಚಿ ಹಿಡಿಯುವ ಎಚ್ಚಿಂಗ್ ಪ್ರೈಮರ್ ಹಾಕಿ ಕಾರಿನ ಪೇಂಟ್ ಹೊಡೆದೆ. ಮತ್ತೆ ಅದೇ ಜಾಗದಲ್ಲಿ ಅದೇ ಗುಳ್ಳೆ!

ಆಗ ತಲೆಗೆ ಹೋಯಿತು, ತಪ್ಪು ಪೇಂಟಿನದ್ದಲ್ಲ, ಒಳಗೆ ಕೂತ ಉಪ್ಪಿನದ್ದು. ಇಪ್ಪತ್ತು ಇಪ್ಪತ್ತೈದು ವರ್ಷ ಕಡಲ ಗಾಳಿ ತಿಂದ ಡಬ್ಬಿ ಅದು. ಮೇಲಿಂದ ಎಷ್ಟು ಉಜ್ಜಿದರೂ ಸಣ್ಣ ತೂತಿನೊಳಗಿನ ಉಪ್ಪು ಹೋಗುವುದಿಲ್ಲ. ಅದನ್ನು ನೀರೇ ಎಳೆದು ತೆಗೆಯಬೇಕು, ಅದೂ ಉಪ್ಪಿಲ್ಲದ ನೀರು, ಅದೂ ಧಾರಾಳವಾಗಿ. ಜುಲೈ-ಆಗಸ್ಟಿನ ಆಟಿ ತಿಂಗಳಲ್ಲಿ ಮಂಗಳೂರಿನವನಿಗೆ ಅಂಥ ನೀರು ಎಲ್ಲಿ ಸಿಗುತ್ತದೆ ಅಂತ ಯಾರಾದರೂ ಕೇಳುತ್ತಾರಾ?

ಮಾಡಿನ ನೀರು ಇಳಿಯುವ ದಂಬೆಯ ಕೆಳಗೆ ಡಬ್ಬಿಯನ್ನು ಬಾಗಿಲು ತೆಗೆದು ತಲೆಕೆಳಗೆ ನೇತು ಹಾಕಿದೆ. ಹಗಲಿಡೀ ಹಂಚಿನ ನೀರು ಅದರೊಳಗೆ ಹೊಕ್ಕು ಹೊರಗೆ ಬರಬೇಕು, ರಾತ್ರಿ ಮಳೆನೀರಿನ ಡ್ರಮ್ಮಿನಲ್ಲಿ ಮುಳುಗಿಸಿಡಬೇಕು, ಬೆಳಿಗ್ಗೆ ಆ ನೀರು ಚೆಲ್ಲಬೇಕು. ನಮ್ಮ ಪೇಂಟರು ಬಂದವರು ನೋಡಿ, "ಎಂತ ಮಾರಾಯ್ರೆ, ಪೇಂಟ್ ಹೊಡೀಲಿಕ್ಕೆ ಇರುವ ಸಾಮಾನನ್ನು ಯಾರಾದ್ರೂ ಆಟಿ ಮಳೆಗೆ ಇಡ್ತಾರಾ?" ಅಂದರು. ಅಮ್ಮನದ್ದು ಇನ್ನೊಂದು. "ಇಲ್ಲಿ ಬಟ್ಟೆ ಒಣಗಿಸ್ಲಿಕ್ಕೆ ಜಾಗ ಇಲ್ಲ, ಇವನು ಡಬ್ಬಿ ಒದ್ದೆ ಮಾಡ್ತಾ ಕೂತಿದ್ದಾನೆ." ಭಾವ ಕಾಲೇಜಿನ ಲ್ಯಾಬಿನಲ್ಲಿದ್ದಾನೆ, ಅವನೊಬ್ಬ ನಗಲಿಲ್ಲ. ಸ್ವಲ್ಪ ಸಿಲ್ವರ್ ನೈಟ್ರೇಟ್ ದ್ರಾವಣ ತಂದುಕೊಟ್ಟ. ಡ್ರಮ್ಮಿನಿಂದ ಸ್ವಲ್ಪ ನೀರು ತೆಗೆದು ಅದಕ್ಕೆ ಎರಡು ಹನಿ ಬಿಟ್ಟರೆ ಉಪ್ಪು ಇದ್ದಷ್ಟು ಹಾಲಿನ ಹಾಗೆ ಬೆಳ್ಳಗಾಗುತ್ತದೆ. ಬರೀ ಮಳೆನೀರಿಗೂ ಒಮ್ಮೆ ಬಿಟ್ಟು ನೋಡಿಟ್ಟುಕೊಳ್ಳಿ, ಅದೇ ನಿಮ್ಮ ಅಳತೆ. ಕೈಗೆ ತಾಗಿಸಬೇಡಿ, ಕಪ್ಪು ಕಲೆ ವಾರಗಟ್ಟಲೆ ಹೋಗುವುದಿಲ್ಲ. ಮೊದಲ ದಿನ ಮಜ್ಜಿಗೆ. ಒಂದು ವಾರಕ್ಕೆ ಅಕ್ಕಿ ತೊಳೆದ ನೀರು. ಹದಿನೇಳೋ ಹದಿನೆಂಟೋ ದಿನಕ್ಕೆ ತಿಳಿಯಾಯಿತು. ಜೂನಿನ ಮೊದಲ ಮಳೆಗೆ ಮಾತ್ರ ಇಡಬೇಡಿ, ಬೇಸಿಗೆಯಿಡೀ ಹಂಚಿನ ಮೇಲೆ ಕೂತ ಉಪ್ಪು ಧೂಳು ಎಲ್ಲ ಅದರಲ್ಲೇ ಇಳಿದು ಬರುತ್ತದೆ.

ಒಣಗಿಸುವುದೇ ದೊಡ್ಡ ತಲೆಬಿಸಿ. ಆ ಹವೆಯಲ್ಲಿ ಹಪ್ಪಳ ಒಣಗುವುದಿಲ್ಲ, ಇನ್ನು ಎರಕ ಒಣಗುತ್ತದಾ? ಕೆಟ್ಟ ಫ್ರಿಜ್ ಒಂದನ್ನು ಮುನ್ನೂರು ರೂಪಾಯಿಗೆ ತಂದು, ಒಳಗೆ ಎರಡು ಅರವತ್ತು ವ್ಯಾಟಿನ ಹಳೆ ಬಲ್ಬು ಹಾಕಿ, ಮೇಲೆ ಕೆಳಗೆ ತೂತು ಕೊರೆದೆ. ನಾಲ್ಕು ದಿನ ಅದರಲ್ಲೇ ಇಟ್ಟೆ. ಆಮೇಲೆ ಎಚ್ಚಿಂಗ್ ಪ್ರೈಮರ್, ಅದರ ಮೇಲೆ ಎರಡು ಕೋಟು ಪಿಯು (ಪಾಲಿಯುರೆಥೇನ್) ಪೇಂಟ್. ಪ್ರೈಮರಿಗೂ ಮೊದಲ ಕೋಟಿಗೂ ನಡುವೆ ನಾನು ಇನ್ನೊಂದು ಕೆಲಸ ಮಾಡುತ್ತೇನೆ, ಅದನ್ನು ಇಲ್ಲಿ ಹೇಳುವುದಿಲ್ಲ. ಮನೆಗೆ ಬಂದರೆ ತೋರಿಸುತ್ತೇನೆ.

ಸ್ಕ್ರೂಗಳದ್ದು ಇನ್ನೊಂದು ಕಥೆ. ಅಲ್ಯೂಮಿನಿಯಂ ಒಳಗೆ ಕಬ್ಬಿಣ ಕಚ್ಚಿಕೊಂಡಿರುತ್ತದೆ, ಅರ್ಧ ಬಿಚ್ಚುತ್ತದೆ, ಅರ್ಧ ಡ್ರಿಲ್ ಮಾಡಬೇಕು. ಹೊಸದು ಸ್ಟೀಲಿನದ್ದೇ ಹಾಕಿದರೂ ಗ್ರೀಸ್ ಹಚ್ಚಿ, ನೈಲಾನ್ ವಾಷರ್ ಕೊಡಿ. ಬಲ್ಬಿನ ಹಿಂದಿನ ರಿಫ್ಲೆಕ್ಟರಿಗೆ ಬ್ರಾಸೋ ಪಾಲಿಶ್ ಹಾಕಬೇಡಿ. ಹಾಕಿ ಒಂದನ್ನು ಹಾಳು ಮಾಡಿದ್ದೇನೆ, ಮೇಲಿನ ಪದರ ಎದ್ದು ಮಂಜು ಕವಿದ ಹಾಗಾಯಿತು. ಹಿತ್ತಾಳೆ ಟರ್ಮಿನಲ್ಲಿಗೆ ನಮ್ಮ ಹಿತ್ತಿಲಿನ ಹುಳಿ ಕಾಯಿ ಬಿಂಬುಳಿ ಸಾಕು. ಅರೆದು ಹತ್ತು ನಿಮಿಷ ಇಟ್ಟು ತೊಳೆದರೆ ಹೊಸದರ ಹಾಗೆ.

ಬಲ್ಬಿನಲ್ಲಿ ಸುಮಾರು ದುಡ್ಡು ಸುರಿದೆ. ಹಳೆ ಹಸಿರು ಗಾಜು ನಿಜಕ್ಕೂ ಹಸಿರಲ್ಲ, ಕೈಯಲ್ಲಿ ಹಿಡಿದು ನೋಡಿದರೆ ನೀಲಿ ಸೇರಿದ ಹಸಿರು. ಹಳೆ ತಂತಿ ಬಲ್ಬಿನ ಹಳದಿ ಬೆಳಕು ಹಿಂದೆ ಇದ್ದರೆ ಸರಿಯಾದ ಹಸಿರು ಬರುತ್ತದೆ. ನಾನು ಬಿಳಿ ಎಲ್‌ಇಡಿ ಹಾಕಿದೆ, ಐಸ್‌ಕ್ಯಾಂಡಿ ಬಣ್ಣ ಬಂತು. ಕೆಂಪು ಗಾಜಿನ ಹಿಂದೆ ಅದೇ ಬಲ್ಬು ಹಾಕಿದರೆ ಮಂಕು, ಬಿಳಿ ಎಲ್‌ಇಡಿ ಬೆಳಕಿನಲ್ಲಿ ಗಾಢ ಕೆಂಪು ಇರುವುದೇ ಕಡಿಮೆ. ಈಗ ಹಸಿರಿಗೂ ಹಳದಿಗೂ ವಾರ್ಮ್ ವೈಟ್ (ಹಳದಿ ಛಾಯೆಯ ಬಿಳಿ), ಕೆಂಪಿಗೆ ಕೆಂಪು ಎಲ್‌ಇಡಿಯೇ.

ಕಂಟ್ರೋಲಿಗೆ ಆರ್ಡುಯಿನೊ ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡು, ಬಲ್ಬು ಹಾಕಿ ಆರಿಸಲು ಸಾಲಿಡ್ ಸ್ಟೇಟ್ ರಿಲೇ ಅನ್ನುವ ಎಲೆಕ್ಟ್ರಾನಿಕ್ ಸ್ವಿಚ್ಚು. ಆಫ್ ಮಾಡಿದರೂ ಎಲ್‌ಇಡಿ ಮಿಣಮಿಣ ಉರಿಯುತ್ತಿತ್ತು. ಆ ರಿಲೇಯಲ್ಲಿ ಚೂರು ಕರೆಂಟು ಸೋರುತ್ತದೆ. ಪ್ರತಿ ಲೈನಿಗೆ ಒಂದು ಹಳೆ ಜೀರೋ ಬಲ್ಬನ್ನು ಸಮಾನಾಂತರವಾಗಿ ಕೊಟ್ಟೆ, ನಿಂತಿತು. ಡಬ್ಬಿಗೆ ಅರ್ತಿಂಗ್ ಕೊಡದೆ ಮಾತ್ರ ಸ್ವಿಚ್ ಹಾಕಬೇಡಿ. ಒಂದು ರಾತ್ರಿ ಪರೀಕ್ಷೆಗೆ ಗೇಟಿನ ಹತ್ತಿರ ನಿಲ್ಲಿಸಿದ್ದೆ. ಒಬ್ಬ ರಿಕ್ಷಾದವರು ನಮ್ಮ ಓಣಿಯಲ್ಲಿ ಕೆಂಪು ನೋಡಿ ನಿಂತೇ ಬಿಟ್ಟರು. ಹಸಿರು ಬಂದ ಮೇಲೆ ಹೋದರು, ಪಾಪ. ಆಮೇಲೆ ರಸ್ತೆಗೆ ಕಾಣುವ ಹಾಗೆ ಇಟ್ಟಿಲ್ಲ. ಈಗ ಒಂದು ಬಚ್ಚಲಿನ ಹೊರಗೆ ಉಂಟು. ಒಳಗೆ ಚಿಲಕ ಹಾಕಿದರೆ ಕೆಂಪು. ಅಮ್ಮ ಈಗ ಬಂದ ನೆಂಟರಿಗೆಲ್ಲ ಅದನ್ನೇ ತೋರಿಸುವುದು.

ಒಟ್ಟು ಲೆಕ್ಕ ಕೇಳಿದರೆ, ಕೆಟ್ಟದ್ದೂ ಸೇರಿ ನಾಲ್ಕಕ್ಕೆ ಮೂವತ್ತು ಸಾವಿರದ ಹತ್ತಿರ. ಮನೆಯವಳಿಗೆ ಹೇಳಿದ್ದು ಹದಿನೆಂಟು. ಪೇಂಟರು ಹೋದ ತಿಂಗಳು ಒಂದು ಹಳೆ ಅಲ್ಯೂಮಿನಿಯಂ ಗೇಟು ತಂದು, ನಿಮ್ಮ ದಂಬೆಯ ಕೆಳಗೆ ಜಾಗ ಉಂಟಾ ಅಂತ ಕೇಳಿದರು. ಇಲ್ಲ ಅಂದೆ. ಅಲ್ಲಿ ಈಗ ಐದನೆಯದು ನೇತಾಡುತ್ತಿದೆ, ಪಾದಚಾರಿ ಸಿಗ್ನಲ್ಲು, ನಡೆಯುವ ಮನುಷ್ಯನ ಗಾಜು ಬಿರುಕು ಬಿಡದೆ ಸಿಕ್ಕಿದೆ. ಇವತ್ತಿಗೆ ಹನ್ನೊಂದು ದಿನ. ಬೆಳಿಗ್ಗೆ ಎರಡು ಹನಿ ಬಿಟ್ಟು ನೋಡಿದೆ, ಇನ್ನೂ ಅಕ್ಕಿ ತೊಳೆದ ನೀರೇ.