ಕಚೇರಿಯ ವೆಂಡಿಂಗ್ ಯಂತ್ರದಲ್ಲಿ ಹುರಿಗಡಲೆಯೂ ಖರ್ಚಾಗಬೇಕಾದರೆ

ಕುಶಾಲನಗರದ ಒಂದು ಕಾಫಿ ಸಂಸ್ಕರಣಾ ಘಟಕದಲ್ಲೂ ಮಡಿಕೇರಿಯ ಎರಡು ಕಚೇರಿಗಳಲ್ಲೂ ಒಂದೇ ತಪ್ಪು ನಡೆದದ್ದನ್ನು ಕಣ್ಣಾರೆ ಕಂಡಿದ್ದೇನೆ. ಯಂತ್ರದಲ್ಲಿದ್ದ ಚಿಪ್ಸ್, ಕ್ರೀಮ್ ಬಿಸ್ಕತ್ತುಗಳನ್ನೆಲ್ಲ ಒಂದೇ ದಿನ ತೆಗೆಸಿ ಓಟ್ಸ್, ಒಣಹಣ್ಣು ತುಂಬಿಸುತ್ತಾರೆ; ಸಿಬ್ಬಂದಿ ಗೇಟಿನಾಚೆಯ ಬೇಕರಿಗೆ ನಡೆಯುತ್ತಾರೆ; ಅವಧಿ ಮೀರಿದ ಪೊಟ್ಟಣಗಳು ಹಿಂದಿರುಗಿದ ಮೇಲೆ ‘ನಮ್ಮವರಿಗೆ ಒಳ್ಳೆಯದು ರುಚಿಸುವುದಿಲ್ಲ’ ಎಂಬ ತೀರ್ಮಾನವಾಗುತ್ತದೆ. ದೋಷ ಸಿಬ್ಬಂದಿಯದಲ್ಲ, ಕ್ರಮದ್ದು.

ಮೊದಲು ಸರಬರಾಜುದಾರರಿಂದ ಎರಡು ತಿಂಗಳ ಮಾರಾಟದ ಪಟ್ಟಿ ಪಡೆಯಿರಿ.

ಎರಡನೆಯದು ತಿನಿಸಿನ ಆಯ್ಕೆ. ಪೊಟ್ಟಣದ ಮುಂಭಾಗವನ್ನು ನಂಬದೆ ಹಿಂಭಾಗವನ್ನು ಓದಬೇಕು. ಪದಾರ್ಥಗಳನ್ನು ಪ್ರಮಾಣದ ಇಳಿಕೆ ಕ್ರಮದಲ್ಲಿ ಮುದ್ರಿಸಬೇಕೆಂಬ ನಿಯಮವಿರುವುದರಿಂದ, ‘ಮಲ್ಟಿಗ್ರೇನ್’ ಬಿಸ್ಕತ್ತಿನ ಪಟ್ಟಿಯಲ್ಲಿ ಮೈದಾ ಮೊದಲಿದ್ದರೆ ಅದು ಮೈದಾ ಬಿಸ್ಕತ್ತೇ. ಸೋಡಿಯಂ ಅಂಕಿಯನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಪ್ರಮಾಣ ತಿಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು. ಹಣ್ಣಿನ ರಸದ ಡಬ್ಬಿಗಳನ್ನು ಇಡಲೇಬೇಡಿ. ಸಾರಕ್ಕೆ ನೀರು ಬೆರೆಸಿ ತಯಾರಿಸಿದ ರಸಗಳ ಮೇಲಿನ ‘ಶೇ 100 ಹಣ್ಣಿನ ರಸ’ ಎಂಬ ಹೇಳಿಕೆಯನ್ನು ತೆಗೆಯುವಂತೆ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವೇ 2024ರ ಜೂನ್‌ನಲ್ಲಿ ಸೂಚಿಸಿತ್ತು. ಹುರಿಗಡಲೆ, ಉಪ್ಪಿಲ್ಲದೆ ಹುರಿದ ಕಡಲೆಬೀಜ, ಸಣ್ಣ ಚಿಕ್ಕಿ, ಟೆಟ್ರಾ ಪ್ಯಾಕಿನ ಮಜ್ಜಿಗೆ, ನೀರು ಇಷ್ಟಿದ್ದರೆ ಆರಂಭಕ್ಕೆ ಧಾರಾಳ.

ಎಲ್ಲರೂ ಎಡವುವುದು ಮೂರನೆಯ ಹಂತವಾದ ಜೋಡಣೆ ಮತ್ತು ಬೆಲೆಯಲ್ಲಿ. ಹಳೆಯ ತಿನಿಸುಗಳನ್ನು ಪೂರ್ತಿ ತೆಗೆಯದೆ, ಪೊಟ್ಟಣಗಳನ್ನು ಮುಂದಕ್ಕೆ ತಳ್ಳಿ ಬೀಳಿಸುವ ತಂತಿಯ ಸುರುಳಿಗಳಲ್ಲಿ ಮೂರನೆಯ ಒಂದು ಭಾಗದಷ್ಟಕ್ಕೆ ಮಾತ್ರ ಹೊಸ ತಿನಿಸು ತುಂಬಿಸಿ. ಆದರೆ ಆ ಸುರುಳಿಗಳು ನಿಂತವರ ಕಣ್ಣಿನ ಮಟ್ಟದಲ್ಲಿರಲಿ, ಚಿಪ್ಸ್ ಕೆಳಗಿನ ಸಾಲಿಗೆ ಇಳಿಯಲಿ. ಬೆಲೆಯ ಪ್ರಭಾವ ಇದಕ್ಕಿಂತಲೂ ದೊಡ್ಡದು. ಅಮೆರಿಕದ ಮಿನೆಸೋಟದಲ್ಲಿ 12 ಪ್ರೌಢಶಾಲೆ ಮತ್ತು 12 ಕೆಲಸದ ಸ್ಥಳಗಳ ಯಂತ್ರಗಳಲ್ಲಿ ನಡೆಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಡಿಮೆ ಕೊಬ್ಬಿನ ತಿನಿಸಿನ ಬೆಲೆಯನ್ನು ಶೇ 10ರಷ್ಟು ಇಳಿಸಿದಾಗ ಮಾರಾಟ ಶೇ 9ರಷ್ಟು, ಶೇ 25ರಷ್ಟು ಇಳಿಸಿದಾಗ ಶೇ 39ರಷ್ಟು, ಅರ್ಧಕ್ಕಿಳಿಸಿದಾಗ ಶೇ 93ರಷ್ಟು ಏರಿತು. ಚಿಪ್ಸ್ ಬೆಲೆ ಹೆಚ್ಚಿಸಿ ಈ ನಷ್ಟ ತುಂಬಿಕೊಳ್ಳೋಣವೆಂದರೆ, ನಮ್ಮಲ್ಲಿ ಎಂಆರ್‌ಪಿ ಮೀರಿ ಮಾರುವಂತಿಲ್ಲ. ಆದ್ದರಿಂದ ಯಂತ್ರದಿಂದ ಆಡಳಿತಕ್ಕೆ ಬರುವ ಕಮಿಷನ್ನನ್ನು ಕಡಲೆ, ಮಜ್ಜಿಗೆಗಳ ಮಟ್ಟಿಗೆ ಬಿಟ್ಟುಕೊಡುವಂತೆ ಕೇಳಿ, ಅದನ್ನು ಒಪ್ಪಂದದಲ್ಲೇ ಬರೆಸಿಕೊಳ್ಳಿ. ಬಾಯಿಮಾತಿನ ರಿಯಾಯಿತಿ ಹೆಚ್ಚು ದಿನ ಉಳಿಯುವುದಿಲ್ಲ.

ಸುರುಳಿಯ ಅಳತೆಯನ್ನೂ ನೋಡಬೇಕು. ಅಗಲ ಅಂತರದ ಸುರುಳಿಯಲ್ಲಿಟ್ಟ ತೆಳು ಹುರಿಗಡಲೆ ಪೊಟ್ಟಣವೊಂದು ಓರೆಯಾಗಿ ಗಾಜಿಗೆ ಒರಗಿ ನಿಂತಾಗ, ಇಪ್ಪತ್ತು ರೂಪಾಯಿ ಕೊಟ್ಟಿದ್ದ ಹಿರಿಯ ಕೆಲಸಗಾರರೊಬ್ಬರು ಗಾಜನ್ನು ಅಂಗೈಯಿಂದ ತಟ್ಟಿ ತಟ್ಟಿ ಸೋತು ಹೊರಟುಹೋದರು. ಮತ್ತೆ ಅವರು ಆ ಸಾಲಿನ ಗುಂಡಿ ಒತ್ತಿದ್ದನ್ನು ನಾನು ನೋಡಲಿಲ್ಲ. ತುಂಬಿಸಿದ ದಿನವೇ ಪ್ರತಿ ಸುರುಳಿಯಿಂದ ಒಂದೊಂದನ್ನು ಬೀಳಿಸಿ ಪರೀಕ್ಷಿಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮಳೆಯ ತೇವಕ್ಕೆ ಬೆಲ್ಲದ ಚಿಕ್ಕಿ ಜಿನುಗಿ ಕಾಗದಕ್ಕೆ ಅಂಟುತ್ತದೆ, ಹೀಗಾಗಿ ಆ ತಿಂಗಳುಗಳಲ್ಲಿ ಗಾಳಿಯಾಡದಂತೆ ಬೆಸೆದ ಪೊಟ್ಟಣ ಮಾತ್ರ ತರಿಸಿ. ಕರೆಂಟು ಹೋದಾಗ ಕೆಡುವ ಮೊಸರಿನ ಲೋಟಗಳು ಮಳೆಗಾಲದಲ್ಲಿ ಬೇಡ. ಬಾಳೆಹಣ್ಣು, ಕಿತ್ತಳೆಗಳನ್ನು ಯಂತ್ರಕ್ಕೆ ಹಾಕಿದರೆ ಬಿದ್ದು ಜಜ್ಜಿಹೋಗುತ್ತವೆ. ಪಕ್ಕದಲ್ಲೊಂದು ಬುಟ್ಟಿ, ಹಣದ ಡಬ್ಬಿ ಇಟ್ಟರೆ ಸಾಕು.

ಬಿಸಿ ಪಾನೀಯದ ಯಂತ್ರವಿದ್ದರೆ ಸಕ್ಕರೆ ಬೆರೆತ ಪುಡಿಯನ್ನು ನಿಲ್ಲಿಸಿ, ಸಕ್ಕರೆಯನ್ನು ಪ್ರತ್ಯೇಕವಾಗಿಡಿ.

ಆರು ವಾರಗಳ ನಂತರ ಮಾರಾಟದ ಪಟ್ಟಿಯನ್ನು ಮತ್ತೆ ನೋಡಿ, ಖರ್ಚಾಗದ ತಿನಿಸಿನ ಜಾಗಕ್ಕೆ ಅದೇ ಬಗೆಯ ಇನ್ನೊಂದನ್ನು ತನ್ನಿ. ಕಾಫಿ ಕೊಯ್ಲಿನ ಕಾಲದಲ್ಲಿ ರಾತ್ರಿ ಪಾಳಿ ಇರುವ ಕಡೆ ಸಂಜೆ ಆರರೊಳಗೆ ಯಂತ್ರವನ್ನು ತುಂಬಿಸಬೇಕು. ಹನ್ನೊಂದು ಗಂಟೆಗೆ ಹಸಿದು ಬಂದವರ ಎದುರು ಕಡಲೆಯ ಸುರುಳಿ ಖಾಲಿಯಿದ್ದರೆ ಕೈ ಚಿಪ್ಸ್ ಕಡೆಗೇ ಹೋಗುತ್ತದೆ.