ಸೆಟ್ ಪಾಠವನ್ನು ನಾನು ಮೂರು ಸಲ ಬದಲಿಸಿದ್ದು

ಸೋಮವಾರಪೇಟೆ ಹತ್ತಿರದ ಒಂದು ಹೈಸ್ಕೂಲಿನಲ್ಲಿ ನಾನು ಇಂಗ್ಲಿಷ್ ಮೇಷ್ಟ್ರು. ‘ಸೆಟ್’ ಅನ್ನೋ ಮೂರಕ್ಷರ ನನ್ನನ್ನು ಕೆಲವು ವರ್ಷ ಸರಿಯಾಗಿ ಸತಾಯಿಸಿತು.

ಮೊದಮೊದಲು ಬೋರ್ಡಿನ ಮೇಲೆ ಹನ್ನೆರಡು ಅರ್ಥ ಬರೆದು ಉರು ಹೊಡೆಸುತ್ತಿದ್ದೆ. ಪರೀಕ್ಷೆಯಲ್ಲಿ ಒಬ್ಬ ‘ದಿ ಸನ್ ಸೆಟ್ಟೆಡ್’ ಎಂದು ಬರೆದ. ತಪ್ಪು ನನ್ನದೇ. ನಿನ್ನೆಗೂ ಇವತ್ತಿಗೂ ಈ ಕ್ರಿಯಾಪದದ ರೂಪ ಒಂದೇ ಅಂತ ನಾನು ಹೇಳಿಯೇ ಇರಲಿಲ್ಲ. ಮಾರನೇ ವರ್ಷ ದೊಡ್ಡ ನಿಘಂಟು ಹಿಡಿದೆ. ಆಕ್ಸ್‌ಫರ್ಡ್‌ನ 1989ರ ಆವೃತ್ತಿಯಲ್ಲಿ ಈ ಕ್ರಿಯಾಪದಕ್ಕೇ ಸುಮಾರು 430 ಅರ್ಥ ಇವೆ ಎಂದೆ. ಮಕ್ಕಳು ಹೆದರಿದ್ದಷ್ಟೇ ಲಾಭ.

ದಾರಿ ತೋರಿಸಿದ್ದು ಒಂದು ಮಾರ್ಚ್ ತಿಂಗಳು ತಡವಾಗಿ ಬಂದ ಹುಡುಗಿ. “ರಾತ್ರಿಯೆಲ್ಲ ತೋಟದಲ್ಲಿ ಪಂಪ್‌ಸೆಟ್ ಓಡ್ತಿತ್ತು ಸರ್. ಹೂವಿನ ಮಳೆ ಬಂದಿಲ್ಲ ಅಲ್ವಾ, ಕಾಯಿ ಸೆಟ್ ಆಗ್ಬೇಕಲ್ಲ” ಎಂದಳು. ರೊಬಸ್ಟಾ ಕಾಫಿಯ ಮೊಗ್ಗಿಗೆ ನೀರು ಬಿದ್ದು ಎಂಟು ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತದೆ. ಆಮೇಲೆ ಬ್ಯಾಕಿಂಗ್ ಮಳೆ, ಅಂದರೆ ಹೂವಿನ ಮಳೆಯ ಹಿಂದೆಯೇ ಬರುವ ಎರಡನೇ ಮಳೆಯೂ ಬೇಕು. ಇಲ್ಲದಿದ್ದರೆ ಹೂ ಬಂದರೂ ಕಾಯಿ ಸರಿಯಾಗಿ ಕಟ್ಟುವುದಿಲ್ಲ. ನನಗೆ ಹಿಡಿಸಿದ್ದು ಕಾಫಿಯಲ್ಲ, ಒಂದೇ ಉಸಿರಿನಲ್ಲಿ ಬಂದ ಎರಡು ಸೆಟ್. ಅವೆರಡೂ ಬೇರೆ ಬೇರೆ ಪದ!

ಕಾಯಿಯ ಸೆಟ್ ಹಳೆಯ ಇಂಗ್ಲಿಷಿನದು. ಸಿಟ್ ಅಂದರೆ ಕೂರು, ಸೆಟ್ ಅಂದರೆ ಕೂರಿಸು. ನಮ್ಮ ‘ಇಸು’ ಮಾಡುವ ಕೆಲಸವನ್ನು ಅಲ್ಲಿ ಒಂದು ಸ್ವರ ಮಾಡಿದೆ. ಪಂಪ್‌ಸೆಟ್‌ನ ಸೆಟ್ ಹಳೆಯ ಫ್ರೆಂಚ್‌ನಿಂದ ಬಂದದ್ದು, ಅದರ ಹಿಂದೆ ಲ್ಯಾಟಿನ್ನಿನ ‘ಸೆಕ್ಟಾ’, ಅಂದರೆ ಹಿಂಬಾಲಿಸುವ ಗುಂಪು. ಮೋಟರು, ಪಂಪು ಒಟ್ಟಿಗಿದ್ದರೆ ಅದು ಸೆಟ್. ಸೆಟ್ ದೋಸೆಯೂ ಹಾಗೇ. ಒಂದೇ ದೋಸೆ ಕೊಟ್ಟು ಸೆಟ್ ಅಂದರೆ ಯಾರು ಸುಮ್ನಿರುತ್ತಾರೆ?

ಅಂದಿನಿಂದ ಪಟ್ಟಿ ಬಿಟ್ಟೆ. ಮನೆಯಲ್ಲಿ ಕಿವಿಗೆ ಬಿದ್ದ ಸೆಟ್‌ಗಳನ್ನು ತನ್ನಿ ಎನ್ನುತ್ತೇನೆ. ಬೋರ್ಡಿನಲ್ಲಿ ಎರಡು ಮನೆ: ‘ಕೂರಿಸು’ ಮತ್ತು ‘ಗುಂಪು’. ಅಲಾರಂ, ಸಿಮೆಂಟು, ಹೆಪ್ಪುಗಟ್ಟಿದ ಮೊಸರು ಮೊದಲನೆಯದಕ್ಕೆ. ಟೀ ಸೆಟ್, ಓಲೆ-ಸರದ ಸೆಟ್ ಎರಡನೆಯದಕ್ಕೆ. ನಮ್ಮ ಕೊಡಗಿನ ರೋಹನ್ ಬೋಪಣ್ಣ 2024ರಲ್ಲಿ, 43ನೇ ವಯಸ್ಸಿನಲ್ಲಿ, ಆಸ್ಟ್ರೇಲಿಯನ್ ಓಪನ್ ಟೆನಿಸ್ ಡಬಲ್ಸ್ ಫೈನಲ್‌ನಲ್ಲಿ ಗೆದ್ದ ಆ ಎರಡು ಸೆಟ್‌ಗಳೂ ಗುಂಪಿನ ಮನೆಗೇ, ಆಟಗಳ ಗುಂಪು. ಇದನ್ನು ಹೇಳುವಾಗ ನನ್ನ ದನಿ ಸ್ವಲ್ಪ ಜಾಸ್ತಿ ಏರುತ್ತದೆ, ಇರಲಿ.

ಎಲ್ಲವೂ ಹೀಗೆ ಸಲೀಸಲ್ಲ. ‘ಸೆಟ್ ಔಟ್’ ಅಂದರೆ ಹೊರಡು, ಅಲ್ಲಿ ಕೂರಿಸುವುದು ಎಲ್ಲಿಂದ ಬಂತು? ಅಂಥವನ್ನು ವಾಕ್ಯದ ಜೊತೆಗೇ ಕಲಿಸುತ್ತೇನೆ. ‘ಮಾನ್ಸೂನ್ ಸೆಟ್ ಇನ್’ ಎಂಬುದಕ್ಕೆ ‘ಮಳೆಗಾಲ ಪ್ರಾರಂಭವಾಯಿತು’ ಎಂದು ಬರೆಸುತ್ತಿದ್ದೆ. ಹಿಂದಿನ ಬೆಂಚಿನವನೊಬ್ಬ “ಮಳೆ ಹಿಡೀತು ಅಂದ್ರೆ ಸಾಕಲ್ವಾ ಸರ್” ಎಂದ. ಜೂನ್‌ನಲ್ಲಿ ಹಿಡಿದರೆ ಬಿಡದ ಮಳೆಯ ಊರಲ್ಲಿ ಅದಕ್ಕಿಂತ ಸರಿಯಾದ ಮಾತಿಲ್ಲ. ನನ್ನದನ್ನು ಅಳಿಸಿದೆ.

ಮೊನ್ನೆ ವಾಲಿಬಾಲ್ ತಂಡದವನು ಎದ್ದು ನಿಂತ. “ಮೂರು ಸೆಟ್ ಆಡಿದ್ವಿ ಸರ್. ನಾನು ಸೆಟ್ಟರ್. ನನ್ನನ್ನ ಯಾವ ಮನೆಗೆ ಹಾಕ್ತೀರಿ?” ಆಟವನ್ನು ಗುಂಪಿನ ಮನೆಗೆ, ಅವನನ್ನು ಕೂರಿಸುವ ಮನೆಗೆ ಹಾಕಿದೆ. “ಕೂರಿಸೋದಲ್ಲ ಸರ್, ಎತ್ತಿ ಕೊಡೋದು” ಎಂದು ವಾದಕ್ಕೇ ನಿಂತ. ಅಷ್ಟರಲ್ಲಿ ಬೆಲ್ ಹೊಡೆಯಿತು.