ಹುಳು ತಿನ್ನಲೆಂದೇ ಬೆಳೆಸಿದ ಕರಿಬೇವು

ಬೆಂಗಳೂರಲ್ಲಿ 3ನೇ ಮಹಡಿಯ ತಾರಸಿಗೆ ಚಿಟ್ಟೆ ಹತ್ತಿ ಬರೋದಿಲ್ಲ ಅಂದವರೇ ಹೆಚ್ಚು. ಈಗ 10x12 ಅಡಿ ಜಾಗದಲ್ಲಿ ಅಕ್ಟೋಬರ್ ಹೊತ್ತಿಗೆ ದಿನಕ್ಕೆ ಏಳೆಂಟು ಬಗೆ ಎಣಿಸುತ್ತೇನೆ.

ಮೊದಲ ವರ್ಷದ ಖರ್ಚು ಸುಮಾರು 3,000. ಅದರಲ್ಲಿ 2,000 ದಂಡ: ಪೆಟೂನಿಯ, ಎಸಳು ಕಿಕ್ಕಿರಿದ ಹೈಬ್ರಿಡ್ ಚೆಂಡುಹೂ. ಅಷ್ಟು ಎಸಳಿನ ನಡುವೆ ಚಿಟ್ಟೆಗೆ ಮಕರಂದ ಸಿಗೋದು ಕಷ್ಟ. ಕೇಪಳ, ರತ್ನಗಂಧಿ, ಪೆಂಟಾಸ್ ಇಟ್ಟ ಮೇಲೆ ಬಂದವು, ಕುಡಿದು ಹೊರಟವು. ತಂಗಿದ್ದು ಕರಿಬೇವು, ನಿಂಬೆಗೆ. ಮೊಟ್ಟೆ ಇಡಲು ಎಲೆ ಬೇಕು.

ದೊಡ್ಡ ನಷ್ಟ ಆದದ್ದೂ ಅಲ್ಲೇ. ನರ್ಸರಿಯಿಂದ ತಂದ 5 ಕರಿಬೇವಿನಲ್ಲಿ ಮೊಟ್ಟೆಯೊಡೆದ ಮರಿಗಳು ಎರಡೇ ದಿನಕ್ಕೆ ಮುದುಡಿ ಸತ್ತವು. ಇಮಿಡಾಕ್ಲೋಪ್ರಿಡ್‌ನಂಥ ಕೀಟನಾಶಕ ಗಿಡದ ರಸದಲ್ಲೇ ಹರಿಯುತ್ತದೆ, ಎಲೆ ತೊಳೆದರೆ ಹೋಗೋದಿಲ್ಲ. ಬೇವಿನೆಣ್ಣೆಯೂ ಬೇಡ. ಹಳೇ ಕರಿಬೇವಿನ ಮರದ ಬುಡದಲ್ಲೆದ್ದ ಮರಿಗಿಡ ಕಿತ್ತು ನೆಡಿ. ಬೀಜವಾದರೆ ಹಣ್ಣು ಕಪ್ಪಾದ ವಾರದೊಳಗೆ ತಿರುಳು ಉಜ್ಜಿ ಬಿತ್ತಿ, ಒಣಗಿದ ಬೀಜ ಮೊಳೆಯೋದಿಲ್ಲ.

ಒಂದಡಿ ಗಿಡಕ್ಕೆ 2 ಹುಳು ಸಾಕು, ಹೆಚ್ಚಾದರೆ ಬೋಳು. ಹಾಗಾಗಿ 6 ಕುಂಡ ಇಟ್ಟು ಸರದಿಯಲ್ಲಿ ಬಿಡುತ್ತೇನೆ. ನಿಂಬೆ ಚಿಟ್ಟೆಯ ಮರಿ ಮೊದಲು ಹಕ್ಕಿಯ ಹಿಕ್ಕೆಯಂತಿದ್ದು, ಕೊನೆಯ ಪೊರೆ ಕಳಚಿದಾಗ ಹಸಿರಾಗುತ್ತದೆ. ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಕೊಂಬು ಚಾಚಿ ಘಾಟು ಬಿಡುತ್ತದೆ. ಬಲಿತ ಹುಳು ಗಿಡ ಬಿಟ್ಟು ನಡೆದೇ ಹೋಗುತ್ತದೆ. ಕುಂಡದಲ್ಲಿ ಒಣಕಡ್ಡಿ ಚುಚ್ಚಿಡಿ, ಸೊಂಟಕ್ಕೆ ಎಳೆ ಕಟ್ಟಿಕೊಂಡು ಅಲ್ಲೇ ಕೋಶವಾಗುತ್ತದೆ. ಹಾರುವ ಹಿಂದಿನ ದಿನ ಕೋಶದ ಮೇಲೇ ರೆಕ್ಕೆಯ ಬಣ್ಣ ಕಾಣುತ್ತದೆ. ಇರುವೆ ಹತ್ತದಿರಲು, ನೀರಿನ ತಟ್ಟೆಯಲ್ಲಿ ಇಟ್ಟಿಗೆ ಇಟ್ಟು ಅದರ ಮೇಲೆ ಕುಂಡ.

ಚಿಟ್ಟೆ ಬಂದು ಹೀರಲೆಂದು ಮರಳಿಗೆ ಉಪ್ಪುನೀರು ಚಿಮುಕಿಸಿಟ್ಟದ್ದಕ್ಕೆ ಅಷ್ಟೇನೂ ಬರಲಿಲ್ಲ. ಕೊಳೆತ ಬಾಳೆಹಣ್ಣು, ಬೆಲ್ಲಕ್ಕೆ ಮೊದಲು ನೊಣವೇ ಬಂತು. ಮೂರನೆಯದೊಂದು ಸೇರಿಸಿದ ಮೇಲೆ ಬ್ಯಾರನ್ ಚಿಟ್ಟೆ ಇಳಿಯಿತು, ಆ ಮೂರನೆಯದು ನನ್ನಲ್ಲೇ ಇರಲಿ. ಚೇಳುಕೊಂಡಿ ಗಿಡ ಕಿತ್ತು ಒಣಗಿಸಿ ತೂಗುಹಾಕಿದರೆ ನೀಲಿ ಹುಲಿಚಿಟ್ಟೆಯ ಗಂಡುಗಳು ಹೂವಿಲ್ಲದಿದ್ದರೂ ಮುತ್ತುತ್ತವೆ.

ಈಶ್ವರಿ ಬಳ್ಳಿಗೆ ಚಿಟ್ಟೆ ಬರಲೆಂದು 2 ವರ್ಷ ಕಾದೆ. ಕ್ರಿಮ್ಸನ್ ರೋಸ್ ಚಿಟ್ಟೆಯ ಹನ್ನೊಂದೋ ಹನ್ನೆರಡೋ ಹುಳು ಬಳ್ಳಿಯನ್ನು ಕಾಂಡದವರೆಗೆ ಮೇಯ್ದವು. ನೀರು ನಿಲ್ಲಿಸಲಿಲ್ಲ, 3 ವಾರಕ್ಕೆ ಮತ್ತೆ ಚಿಗುರಿತು.